ಭೇದಿಗೆ ಯಾವ ಆಂಟಿಬಯೋಟಿಕ್? ಅದಕ್ಕೂ ಮೊದಲು ಮೂತ್ರ ನೋಡಿ

ಪ್ರಶ್ನೆ: ನಮ್ಮ ಅಪ್ಪಗ 61 ವರ್ಷ. ಶುಗರ್, ಬಿಪಿ ಎರಡೂ ಅದಾವ. ಮದುವಿ ಊಟ ಮಾಡಿ ಬಂದ ಮರುದಿನ ಸಂಜಿಯಿಂದ ಸಂಡಾಸ ಹತ್ಯಾದ. ಮೊದಲ ನೀರಿನಂಗ ಇತ್ತು. ಇವತ್ತ ಮೂರನೇ ದಿನ, ಲೋಳಿ ಜೊತಿ ರಕ್ತ ಬೀಳಾಕತ್ಯಾದ, ಜ್ವರಾನೂ ಬಂದಾವ. ಊರಾಗಿನ ಡಾಕ್ಟರ್ ಎರಡು ಬಾಟ್ಲಿ ಸಲೈನ್ ಹಚ್ಚಿ, ಒಂದು ಸೂಜಿ ಮಾಡಿ, ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಗುಳಿಗಿ ಕೊಟ್ಟಾರ. ಕಡಿಮಿ ಆಗಿಲ್ಲ. ಮೆಡಿಕಲ್‌ದವ್ರು ‘ಬಂದ್ ಮಾಡೋ ಗುಳಿಗಿ’ ಕೊಡ್ತೀವಿ ಅಂತಾರ. ಮೂರು ವರ್ಷದ ನನ್ನ ಮಗಳಿಗೂ ಇವತ್ತ ಮುಂಜಾನಿಂದ ಸುರು ಆಗ್ಯಾದ, ಆಕಿ ಮದುವಿಗೆ ಬಂದಿರಲಿಲ್ಲ. ಯಾವ ಆಂಟಿಬಯೋಟಿಕ್ ಕೊಡಬೇಕು? ಶುಗರ್ ಇದ್ದವರಿಗೆ ಓಆರ್‌ಎಸ್ ನಡೀತದೇನು? ದಿನದ ಗುಳಿಗಿ ಹಂಗೇ ನಡಸಬೇಕೇನು? ಅಪ್ಪ ತಗೊಳ್ಳೋದು: ಮೆಟ್‌ಫಾರ್ಮಿನ್-ಗ್ಲಿಮೆಪಿರೈಡ್, ಡಾಪಾಗ್ಲಿಫ್ಲೋಜಿನ್, ಟೆಲ್ಮಿಸಾರ್ಟನ್-ಹೈಡ್ರೋಕ್ಲೋರೋಥಯಾಜೈಡ್.
— ಸೇಡಂ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹೆಚ್ಚಿನ ಅಪಾಯ ಇರುವುದು ಅಲ್ಲಿ. ನೀವು ಬರೆದಿರುವ ಗುಳಿಗೆಗಳನ್ನು ಭೇದಿ ನಿಲ್ಲುವವರೆಗೆ ಹಾಗೇ ನಡೆಸಬಾರದು. ಎರಡನೆಯದು, ತಂದೆಯವರನ್ನು ಇವತ್ತೇ ರಕ್ತ ಪರೀಕ್ಷೆಯ ಅನುಕೂಲ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ತಾಲ್ಲೂಕು ಆಸ್ಪತ್ರೆ ಆದೀತು; ಅಲ್ಲಿಂದ ಮುಂದೆ ಕಳಿಸಿದರೆ ಕಲಬುರಗಿಯ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ). (ಇದನ್ನು ಓದುತ್ತಿರುವ ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್ ಇದೆ.) ಅರವತ್ತು ದಾಟಿದ ವಯಸ್ಸು, ಸಕ್ಕರೆ ಕಾಯಿಲೆ, ಜ್ವರ, ರಕ್ತ, ಮೂರು ದಿನವಾದರೂ ಇಳಿಯದ ಭೇದಿ. ಇವುಗಳಲ್ಲಿ ಎರಡು ಸೇರಿದರೂ ಮನೆಯಲ್ಲಿ ಕೂತು ನೋಡುವ ಕಾಯಿಲೆ ಅಲ್ಲ, ಇಲ್ಲಿ ಐದೂ ಸೇರಿವೆ.

ಭೇದಿ ಹತ್ತಿದವರ ಮನೆಯಲ್ಲಿ ಎಲ್ಲರೂ ಎಣಿಸುವುದು ಎಷ್ಟು ಸಲ ಸಂಡಾಸಕ್ಕೆ ಹೋದರು ಎಂದು. ಎಣಿಸಬೇಕಾದ್ದು ಎಷ್ಟು ಮೂತ್ರ ಹೋಯಿತು ಎಂದು. ಹತ್ತು ಸಲ ಭೇದಿಯಾಗಿಯೂ ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ಒಳಗೆ ಹೋದ ನೀರು ಸಾಕಾಗುತ್ತಿದೆ ಎಂದರ್ಥ; ತಂದೆಯವರಂತೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗಿದವರಲ್ಲಿ ಮಾತ್ರ ಇದೊಂದನ್ನೇ ನಂಬಬಾರದು. ನಾಲ್ಕೇ ಸಲ ಭೇದಿಯಾಗಿ ಬೆಳಗಿನಿಂದ ಮೂತ್ರವೇ ಆಗಿಲ್ಲದಿದ್ದರೆ ಕಿಡ್ನಿಗೆ ರಕ್ತ ಸಾಲುತ್ತಿಲ್ಲ. 60 ಕೆಜಿ ತೂಕದವರಿಗೆ ಗಂಟೆಗೆ ಕನಿಷ್ಠ 30 ಮಿಲಿ, ಅಂದರೆ ಆರು ಗಂಟೆಗೆ 180 ಮಿಲಿ ಮೂತ್ರ ಬರಬೇಕು. ಒಂದು ಲೀಟರಿನ ಖಾಲಿ ನೀರಿನ ಬಾಟಲಿಯ ಬಾಯಿ ಕತ್ತರಿಸಿ, ಪೆನ್ನಿನಿಂದ ಗುರುತು ಹಾಕಿಟ್ಟುಕೊಂಡು ಅದರಲ್ಲೇ ಹಿಡಿದು ನೋಡಿ. ಎದ್ದು ನಿಂತರೆ ತಲೆ ಸುತ್ತುವುದು, ನಾಲಿಗೆ ಒಣಗುವುದು, ಮೂತ್ರ ಕಡು ಹಳದಿಯಾಗುವುದು ಇವೂ ಲಕ್ಷಣಗಳೇ. ಚರ್ಮ ಚಿವುಟಿ ನೋಡುವ ಪರೀಕ್ಷೆ ಮಕ್ಕಳಿಗೆ ಸರಿ. ವಯಸ್ಸಾದವರ ಚರ್ಮ ಮೊದಲೇ ಸಡಿಲವಿರುವುದರಿಂದ ಅದನ್ನು ನಂಬಬೇಡಿ.

ಈಗ ಗುಳಿಗೆಗಳು. ಟೆಲ್ಮಿಸಾರ್ಟನ್ ಬಿಪಿಗೆ ಒಳ್ಳೆಯ ಔಷಧ. ಆದರೆ ದೇಹದಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ತನ್ನ ಒಳಗಿನ ಒತ್ತಡ ಕಾಯ್ದುಕೊಳ್ಳಲು ಮಾಡುವ ಕೆಲಸವನ್ನು ಅದು ತಡೆಯುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಮೂತ್ರ ಹೆಚ್ಚಿಸುವ ಔಷಧ; ಭೇದಿಯಲ್ಲಿ ಹೋಗುತ್ತಿರುವ ಉಪ್ಪು ನೀರನ್ನು ಇನ್ನೊಂದು ದಾರಿಯಿಂದಲೂ ಹೊರಹಾಕುತ್ತದೆ. ಇವೆರಡರ ಮೇಲೆ ಡೈಕ್ಲೋಫೆನಾಕ್‌ನಂಥ ನೋವಿನ ಸೂಜಿ ಬಿದ್ದರೆ ಮೂರೂ ಸೇರಿ ಕಿಡ್ನಿ ಕೆಲಸ ನಿಲ್ಲಿಸುವ ಸಾಧ್ಯತೆ ತುಂಬಾ ಹೆಚ್ಚುತ್ತದೆ. ಹಾಗಾಗಿ ಊರಿನಲ್ಲಿ ಮಾಡಿದ ಆ ಒಂದು ಸೂಜಿ ಯಾವುದು ಎಂದು ಕೇಳಿ, ಹೆಸರು ಬರೆಸಿಕೊಂಡು ಹೋಗಿ. ಜ್ವರಕ್ಕೆ ಮೈಕೈ ನೋವಿಗೆ ಪ್ಯಾರಸಿಟಮಾಲ್ 500 ಅಥವಾ 650 ಮಿಗ್ರಾಂ ಬಿಟ್ಟು ಬೇರೇನೂ ಬೇಡ. ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಯಾವುದೂ ಬೇಡ.

ಮೆಟ್‌ಫಾರ್ಮಿನ್ ಎರಡು ಕಾರಣಕ್ಕೆ ನಿಲ್ಲಬೇಕು. ಅದು ತಾನೇ ಭೇದಿ ಹೆಚ್ಚಿಸುತ್ತದೆ, ಮತ್ತು ಕಿಡ್ನಿ ಮಂದವಾದರೆ ಅದು ದೇಹದಲ್ಲೇ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಹುದು. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಊಟ ಬಿಟ್ಟಾಗ ಇದನ್ನು ತೆಗೆದುಕೊಂಡರೆ ಕೀಟೋನ್ (ಕೊಬ್ಬು ಕರಗಿದಾಗ ರಕ್ತದಲ್ಲಿ ಸೇರುವ ಆಮ್ಲ) ಏರಬಹುದು, ಅದೂ ಗ್ಲೂಕೋಮೀಟರಿನಲ್ಲಿ ಸಕ್ಕರೆ ಹೆಚ್ಚು ಕಾಣದೆಯೇ. ‘ಶುಗರ್ 180 ಅದ, ಚಿಂತಿಲ್ಲ’ ಎನ್ನುವಾಗಲೇ ರೋಗಿ ವಾಂತಿ ಮಾಡುತ್ತಾ ದೀರ್ಘವಾಗಿ ಉಸಿರಾಡುತ್ತಿರುತ್ತಾನೆ. ಹಾಗೆ ಕಂಡರೆ ಕೀಟೋನ್ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಬೇಕು.

ಇನ್ನು ಗ್ಲಿಮೆಪಿರೈಡ್. ಇದರ ಅಪಾಯ ತಿರುಗುಮುರುಗು: ಊಟವಿಲ್ಲದಾಗ ಸಕ್ಕರೆ ತೀರಾ ಇಳಿಯುತ್ತದೆ. ಜೊತೆಗೆ ಈಗ ಕೊಟ್ಟಿರುವ ಆಫ್ಲಾಕ್ಸಾಸಿನ್ ಗುಂಪಿನ ಔಷಧಗಳೂ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿಸಬಲ್ಲವು. ಅಂದರೆ ಊಟ ಇಲ್ಲ, ಗ್ಲಿಮೆಪಿರೈಡ್ ನಡೆದಿದೆ, ಮೇಲೆ ಆಫ್ಲಾಕ್ಸಾಸಿನ್. ಬೆವರು, ನಡುಕ, ಅಸಂಬದ್ಧ ಮಾತು ಬಂದರೆ ಅದನ್ನು ನಿಶ್ಶಕ್ತಿ ಎಂದುಕೊಳ್ಳದೆ ತಕ್ಷಣ ಸಕ್ಕರೆ ನೋಡಿ. 70ರ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ಮಂದವಾಗಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಈ ದಿನಗಳಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಸಕ್ಕರೆ ನೋಡಬೇಕು. ಒಂದು ಎಚ್ಚರಿಕೆ: ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಓದಿ ಅದನ್ನೂ ಪೂರ್ತಿ ನಿಲ್ಲಿಸಬಾರದು. ಪ್ರಮಾಣ ಬದಲಾಗುತ್ತದೆ, ನಿಲ್ಲುವುದಿಲ್ಲ; ವೈದ್ಯರನ್ನು ಕೇಳಿ ಸರಿಪಡಿಸಿಕೊಳ್ಳಿ.

ಶುಗರ್ ಇದ್ದವರಿಗೆ ಓಆರ್‌ಎಸ್ ನಡೆಯುತ್ತದೆಯೇ? ನಡೆಯುತ್ತದೆ, ನಡೆಯಲೇಬೇಕು. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರುವುದು 13.5 ಗ್ರಾಂ ಗ್ಲೂಕೋಸ್, ಹೆಚ್ಚುಕಡಿಮೆ ಮೂರು ಚಮಚ ಸಕ್ಕರೆಯಷ್ಟು. ಅದೇ ಒಂದು ಲೀಟರ್ ಕೋಲಾದಲ್ಲಿ ನೂರು ಗ್ರಾಂ ಮೇಲಿರುತ್ತದೆ. ಉಳಿದದ್ದು 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಒಟ್ಟು 20.5 ಗ್ರಾಂ. ಗ್ಲೂಕೋಸ್ ಅಲ್ಲಿರುವುದು ಶಕ್ತಿಗಾಗಿ ಅಲ್ಲ, ಉಪ್ಪನ್ನು ಒಳಗೆ ಎಳೆದುಕೊಳ್ಳಲು. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟೊಟ್ಟಿಗೇ ಒಳಗೆ ಹೋಗುವ ಒಂದು ದಾರಿ ಇದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಕಾಲರಾದಲ್ಲೂ ಈ ದಾರಿ ಕೆಡುವುದಿಲ್ಲ. ಬರೀ ನೀರು, ಬರೀ ಗ್ಲೂಕೋಸ್ ಪುಡಿ, ಬರೀ ಸೋಡಾ ಕುಡಿಸಿದರೆ ಈ ಕೆಲಸ ಆಗುವುದಿಲ್ಲ. ಸಕ್ಕರೆ ಹೆಚ್ಚಾದ ಪಾನೀಯ ಕರುಳಿಗೇ ನೀರು ಎಳೆದು ಭೇದಿ ಹೆಚ್ಚಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಕಾಲರಾ ಸಾವು ಶೇ 4ರೊಳಗೆ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಇಷ್ಟಾದ ಮೇಲೂ ನಮ್ಮ ಕಡೆ ‘ಬಾಟ್ಲಿ ಹಚ್ಚಿದ್ರೇ ಖರೇ ಇಲಾಜು’ ಎಂಬ ನಂಬಿಕೆ ಹೋಗಿಲ್ಲ.

ಓಆರ್‌ಎಸ್ ಕೆಡುವುದು ಕಲಸುವಲ್ಲಿ. ದೊಡ್ಡ ಪೊಟ್ಟಣ, ಅಂದರೆ 20 ಗ್ರಾಂ ಆಸುಪಾಸಿನದು, ಪೂರ್ತಿ ಒಂದು ಲೀಟರಿಗೆ. ನಾಲ್ಕು ಗ್ರಾಂ ಆಸುಪಾಸಿನ ಸಣ್ಣ ಪೊಟ್ಟಣ 200 ಮಿಲಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಅದು ಔಷಧವಲ್ಲ, ಐದು ಪಟ್ಟು ಉಪ್ಪಿನ ನೀರು. ಮಕ್ಕಳಲ್ಲಿ ರಕ್ತದ ಸೋಡಿಯಂ ಏರಿ ಫಿಟ್ಸ್ ಬರಬಹುದು. ‘ಸ್ವಲ್ಪ ಸ್ವಲ್ಪ ಹಾಕ್ತೀವಿ’ ಎಂದು ಪುಡಿಯನ್ನು ಅಂದಾಜಿನಲ್ಲಿ ಚಮಚದಿಂದ ತೆಗೆಯುವುದೂ ತಪ್ಪು, ಪೊಟ್ಟಣದೊಳಗೆ ಉಪ್ಪು ಸಕ್ಕರೆ ಸಮನಾಗಿ ಬೆರೆತಿರುವುದಿಲ್ಲ. ಅಳತೆಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು. ಮೊದಲು ನೀರು ಕುದಿಸಿ ಆರಿಸಿ, ಆಮೇಲೆ ಪುಡಿ ಹಾಕಿ. ಕಲಸಿದ ಮೇಲೆ ಕುದಿಸಬೇಡಿ. ಹಾಲು, ಹಣ್ಣಿನ ರಸ, ಸೋಡಾದಲ್ಲಿ ಕಲಸಬೇಡಿ, ರುಚಿಗೆಂದು ಸಕ್ಕರೆ ಸೇರಿಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಪೊಟ್ಟಣ ಸಿಗದ ಹೊತ್ತಿಗೆ ಒಂದು ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ಗುಡ್ಡೆಯಾಗಿ ಅಲ್ಲ, ಮೇಲೆ ಸವರಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಹಾಗಾಗಿ ಇದು ಪೊಟ್ಟಣ ಬರುವವರೆಗಿನ ವ್ಯವಸ್ಥೆ ಮಾತ್ರ.

ಅಂಗಡಿಯ ಫ್ರಿಜ್ಜಿನಲ್ಲಿ ಇಡುವ ಕಿತ್ತಳೆ, ಸೇಬಿನ ರುಚಿಯ ಟೆಟ್ರಾ ಪ್ಯಾಕ್‌ಗಳ ಬಗ್ಗೆ ಒಂದು ಮಾತು. ಹೆಸರಿನಲ್ಲಿ ಓಆರ್‌ಎಸ್ ಎಂದು ಬರೆದುಕೊಂಡು ಹತ್ತು ಪಟ್ಟಿಗೆ ಸಮೀಪದ ಸಕ್ಕರೆ ತುಂಬಿದ ಪಾನೀಯಗಳು ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರ ದೀರ್ಘ ಹೋರಾಟದ ನಂತರ, 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯುವಂತಿಲ್ಲ ಎಂದು ಆದೇಶಿಸಿತು. ಹಳೆಯ ದಾಸ್ತಾನು ಎಲ್ಲೋ ಉಳಿದಿರಬಹುದು. ಹೆಸರು ನೋಡಬೇಡಿ, ‘ಡಬ್ಲ್ಯುಎಚ್‌ಒ ಸೂತ್ರ’ ಮತ್ತು ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಎಂದು ಬರೆದಿದೆಯೇ ನೋಡಿ.

ಎಷ್ಟು ಕುಡಿಸಬೇಕು? ಒಣಗಿದ ಲಕ್ಷಣ ಇಲ್ಲದ ದೊಡ್ಡವರು ಪ್ರತಿ ಭೇದಿಯ ನಂತರ ಒಂದರಿಂದ ಎರಡು ಲೋಟ. ನಾಲಿಗೆ ಒಣಗಿ, ಬಾಯಾರಿಕೆ ತೀವ್ರವಾಗಿದ್ದರೆ ಮೊದಲ ನಾಲ್ಕು ಗಂಟೆಯಲ್ಲಿ 2.2ರಿಂದ 4 ಲೀಟರ್. ಇದು ಬಹಳ ಎನಿಸಬಹುದು, ಕಳೆದುಕೊಂಡಿರುವುದೂ ಅಷ್ಟೇ ಇರುತ್ತದೆ. ಹೃದಯ ದುರ್ಬಲ ಇರುವವರಲ್ಲಿ, ಮೊದಲೇ ಕಿಡ್ನಿ ಕಾಯಿಲೆ ಇರುವವರಲ್ಲಿ ಈ ಪ್ರಮಾಣ ವೈದ್ಯರ ಕಣ್ಣೆದುರಿಗೇ ಆಗಬೇಕು. ವಾಂತಿ ಇದ್ದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಲೋಟ ಎತ್ತಿ ಗಟಗಟ ಕುಡಿಸಿದರೆ ವಾಂತಿ ಖಚಿತ, ಮತ್ತೆ ‘ಓಆರ್‌ಎಸ್ ಹಿಡಿಸೂದಿಲ್ಲ’ ಎಂಬ ಮಾತು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಬಹಳ. ನಿಮ್ಮ ತಂದೆ ಪೊಟ್ಯಾಸಿಯಂ ಏರಿಸಬಲ್ಲ ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರು, ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ಎಷ್ಟಿದೆ ಎಂದು ಗೊತ್ತಾಗುವವರೆಗೆ ಎಳನೀರನ್ನು ದೂರವೇ ಇಡಿ.

ಸಲೈನಿನ ಲೆಕ್ಕ ಹೇಳಿಬಿಡುತ್ತೇನೆ. ಒಂದು ಬಾಟಲಿ 500 ಮಿಲಿ. ಅದರಲ್ಲಿ 4.5 ಗ್ರಾಂ ಉಪ್ಪು ಇದೆ, ಪೊಟ್ಯಾಸಿಯಂ ಇಲ್ಲ, ಆಮ್ಲ ತಗ್ಗಿಸುವ ಅಂಶ ಇಲ್ಲ. ಎರಡು ಬಾಟಲಿ ಎಂದರೆ ಒಂದು ಲೀಟರ್; ಮೂರು ದಿನ ಭೇದಿಯಾದವರಿಗೆ ಅದು ಯಾವ ಮೂಲೆಗೂ ಸಾಲದು. ಡಿಎನ್‌ಎಸ್ (ಗ್ಲೂಕೋಸ್ ಬೆರೆಸಿದ ಸಲೈನ್) ಹಚ್ಚಿದ್ದರೆ ಪ್ರತಿ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್ ನೇರ ರಕ್ತಕ್ಕೆ ಹೋಗಿದೆ. ಸಕ್ಕರೆ ಕಾಯಿಲೆಯವರು ಓಆರ್‌ಎಸ್‌ಗೆ ಹೆದರಿ ಡಿಎನ್‌ಎಸ್ ಹಚ್ಚಿಸಿಕೊಳ್ಳುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ರಕ್ತನಾಳದ ಮೂಲಕ ನೀರು ಬೇಕಾಗುವುದು ನಾಡಿ ಕ್ಷೀಣವಾದಾಗ, ಕೈಕಾಲು ತಣ್ಣಗಾದಾಗ, ಮಂಪರು ಬಂದಾಗ, ವಾಂತಿ ನಿಲ್ಲದೆ ಏನೂ ಕುಡಿಯಲಾಗದಾಗ. ಆಗ ಬೇಕಾದ್ದು ಪೊಟ್ಯಾಸಿಯಂ, ಆಮ್ಲ ತಗ್ಗಿಸುವ ಅಂಶ ಎರಡೂ ಇರುವ ರಿಂಗರ್ ಲ್ಯಾಕ್ಟೇಟ್ ಬಾಟಲಿ, ಅದೂ ಕೆಜಿಗೆ 100 ಮಿಲಿ ಲೆಕ್ಕದಲ್ಲಿ: ದೊಡ್ಡವರಿಗೂ ಒಂದು ವರ್ಷ ದಾಟಿದ ಮಕ್ಕಳಿಗೂ ಮೊದಲ 30 ಮಿಲಿ ಅರ್ಧ ಗಂಟೆಯಲ್ಲಿ, ಉಳಿದ 70 ಮಿಲಿ ಎರಡೂವರೆ ಗಂಟೆಯಲ್ಲಿ. 60 ಕೆಜಿಯವರಿಗೆ ಇದು 6 ಲೀಟರ್, ಅಂದರೆ 12 ಬಾಟಲಿ. ಹಳ್ಳಿಯ ಬೆಂಚಿನ ಮೇಲೆ ಹನಿಹನಿಯಾಗಿ ಇಳಿಯುವ ಎರಡು ಬಾಟಲಿಗೂ ಇದಕ್ಕೂ ಸಂಬಂಧವಿಲ್ಲ.

ಈಗ ಆಂಟಿಬಯೋಟಿಕ್. ನೀರಿನಂತೆ ಹೋಗುವ, ಜ್ವರವಿಲ್ಲದ, ರಕ್ತವಿಲ್ಲದ ಭೇದಿಗೆ ಅದು ಬಹುತೇಕ ಬೇಡ. ಬ್ಯಾಕ್ಟೀರಿಯದಿಂದಲೇ ಬಂದಿದ್ದರೂ ಮೂರರಿಂದ ಐದು ದಿನದಲ್ಲಿ ತಾನೇ ಇಳಿಯುತ್ತದೆ. ಔಷಧ ಕೊಟ್ಟರೆ ಸುಮಾರು ಒಂದು ದಿನ ಮೊದಲು ಇಳಿಯಬಹುದು, ಅಷ್ಟೇ. ಕಾಲರಾ ಮಾತ್ರ ಬೇರೆ. ಅಕ್ಕಿ ತೊಳೆದ ನೀರಿನಂತೆ, ಹೊಟ್ಟೆನೋವಿಲ್ಲದೆ, ಲೀಟರುಗಟ್ಟಲೆ ಹೋಗುತ್ತದೆ. ಅಲ್ಲಿ ನೀರು ತುಂಬುವುದರ ಜೊತೆಗೆ ಡಾಕ್ಸಿಸೈಕ್ಲಿನ್ 300 ಮಿಗ್ರಾಂ ಒಂದೇ ಸಲ, ಅಥವಾ ಅಜಿತ್ರೋಮೈಸಿನ್ 1 ಗ್ರಾಂ ಒಂದೇ ಸಲ ಕೊಟ್ಟರೆ ಭೇದಿಯ ಪ್ರಮಾಣ ಅರ್ಧದಷ್ಟಾಗುತ್ತದೆ.

ನಿಮ್ಮ ತಂದೆಯವರದು ಈ ಎರಡೂ ಅಲ್ಲ, ಇದು ಆಮಶಂಕೆ. ಕಾಲ ನೋಡಿ: ಊಟವಾಗಿ ಒಂದು ಹಗಲು ಕಳೆದ ಮೇಲೆ ಶುರುವಾಗಿದೆ. ಹಳಸಿದ ಪಾಯಸದಲ್ಲೋ ಬೇಯಿಸಿ ಬಿಟ್ಟ ಅನ್ನದಲ್ಲೋ ಬೆಳೆದ ವಿಷ ಹೊಟ್ಟೆಗೆ ಹೋಗಿದ್ದರೆ ಒಂದರಿಂದ ಆರು ಗಂಟೆಯಲ್ಲಿ ವಾಂತಿಯಾಗಬೇಕಿತ್ತು. ಮೊದಲು ನೀರಾಗಿ ಹೋಗಿ, ಒಂದೆರಡು ದಿನಕ್ಕೆ ಲೋಳೆ-ರಕ್ತ, ಜ್ವರ, ಹೋದರೂ ಹೋದಂತಾಗದ ಮುಕ್ಕರಿಕೆ ಬರುವುದು ಶಿಗೆಲ್ಲಾ ಎಂಬ ಬ್ಯಾಕ್ಟೀರಿಯದ ನಡೆ. ಮದುವೆಗೇ ಬಾರದ ಮಗುವಿಗೂ ಹತ್ತಿರುವುದು ಅದರತ್ತಲೇ ಬೊಟ್ಟು ಮಾಡುತ್ತದೆ. ಶಿಗೆಲ್ಲಾದ ಹತ್ತರಿಂದ ನೂರು ಜೀವಾಣು ಹೊಟ್ಟೆ ಸೇರಿದರೂ ಸಾಕು, ಹಾಗಾಗಿ ಅದು ಕೈಯಿಂದ ಕೈಗೆ ಹರಡುತ್ತದೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬೇರೆ ಬ್ಯಾಕ್ಟೀರಿಯಗಳೂ ಸಾಧ್ಯ. ಖಚಿತ ಹೇಳಬೇಕಾದ್ದು ಮಲದ ಕಲ್ಚರ್, ಅಂದರೆ ಮಲದಲ್ಲಿನ ಜೀವಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ.

ಕೊಟ್ಟಿರುವ ಗುಳಿಗೆ ಏಕೆ ಕೆಲಸ ಮಾಡಲಿಲ್ಲ? ಶಿಗೆಲ್ಲಾ ಮತ್ತು ಕ್ಯಾಂಪಿಲೋಬ್ಯಾಕ್ಟರ್ ಎರಡೂ ನಮ್ಮ ದೇಶದಲ್ಲಿ ಆಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಸಿಪ್ರೋಫ್ಲಾಕ್ಸಾಸಿನ್ ಗುಂಪಿಗೆ ವ್ಯಾಪಕವಾಗಿ ಬಗ್ಗದಂತಾಗಿವೆ. ಆರ್ನಿಡಜೋಲ್ ಕೊಲ್ಲುವುದು ಅಮೀಬಾ, ಜಿಯಾರ್ಡಿಯಾ ಮತ್ತು ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳನ್ನು. ಶಿಗೆಲ್ಲಾ ಮೇಲೆ ಅದು ಏನೂ ಮಾಡದು. ಎರಡನ್ನೂ ಸೇರಿಸಿದ ಗುಳಿಗೆ ಎಂದರೆ ಬೇಟೆ ಕಾಣದೆ ಎರಡು ಕಡೆಗೂ ಗುಂಡು ಹಾರಿಸಿದಂತೆ. ಬಾಯಿಗೆ ಕಬ್ಬಿಣದ ರುಚಿ, ಓಕರಿಕೆ ಬರಿಸಿ ಓಆರ್‌ಎಸ್ ಕುಡಿಯುವುದನ್ನೂ ಕೆಡಿಸುತ್ತದೆ. ಅಮೀಬಾದಿಂದ ರಕ್ತಭೇದಿ ಆಗುವುದಿಲ್ಲ ಎಂದಲ್ಲ, ಅದು ನಿಧಾನವಾಗಿ ವಾರಗಟ್ಟಲೆ ಏರುತ್ತದೆ, ಜ್ವರ ಕಡಿಮೆ. ತಾಜಾ ಮಲದಲ್ಲಿ ಕೆಂಪು ರಕ್ತಕಣ ನುಂಗಿದ ಚಲಿಸುವ ಅಮೀಬಾ ಕಂಡರೆ, ಅಥವಾ ಶಿಗೆಲ್ಲಾಗೆ ಕೊಟ್ಟ ಎರಡು ಬೇರೆ ಬೇರೆ ಔಷಧ ಸೋತರೆ ಮಾತ್ರ ಅದಕ್ಕೆ ಚಿಕಿತ್ಸೆ. ರಿಪೋರ್ಟಿನಲ್ಲಿ ಬರೀ ‘ಸಿಸ್ಟ್ (ಅಮೀಬಾದ ನಿಷ್ಕ್ರಿಯ ರೂಪ) ಕಂಡಿವೆ’ ಎಂದಿದ್ದರೆ ಅದು ಈಗಿನ ಕಾಯಿಲೆಗೆ ಪುರಾವೆ ಅಲ್ಲ.

ಇಂಥ ಸ್ಥಿತಿಯಲ್ಲಿ ಸಾಮಾನ್ಯವಾಗಿ ಆರಿಸುವುದು ಅಜಿತ್ರೋಮೈಸಿನ್, ದೊಡ್ಡವರಿಗೆ ದಿನಕ್ಕೊಮ್ಮೆ 500 ಮಿಗ್ರಾಂ, ಮೂರು ದಿನ. ಜ್ವರ ಹೆಚ್ಚಿದ್ದು ಸುಸ್ತು ತೀವ್ರವಾಗಿದ್ದರೆ, ಬಾಯಿಂದ ಕೊಟ್ಟದ್ದು ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಆಸ್ಪತ್ರೆಯಲ್ಲಿ ಸೆಫ್‌ಟ್ರಯಾಕ್ಸೋನ್ ದಿನಕ್ಕೆ 1ರಿಂದ 2 ಗ್ರಾಂ ರಕ್ತನಾಳಕ್ಕೆ. ಈ ಪ್ರಮಾಣಗಳನ್ನು ಬರೆಯುತ್ತಿರುವುದು ನೀವು ಅಂಗಡಿಗೆ ಹೋಗಿ ಕೊಳ್ಳಲಿ ಎಂದಲ್ಲ, ಚೀಟಿ ನೋಡಿ ಪ್ರಶ್ನೆ ಕೇಳಲಿ ಎಂದು. ಕೇಳಬೇಕಾದ ಒಂದು ಪ್ರಶ್ನೆ ಹೃದಯದ್ದು. ಅಜಿತ್ರೋಮೈಸಿನ್, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಆಫ್ಲಾಕ್ಸಾಸಿನ್ ಮೂರೂ ಇಸಿಜಿಯಲ್ಲಿ ಕ್ಯೂಟಿ ಅವಧಿ (ಪ್ರತಿ ಬಡಿತದಲ್ಲಿ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಸಮಯ) ಉದ್ದ ಮಾಡುತ್ತವೆ. ಭೇದಿಯಲ್ಲಿ ಪೊಟ್ಯಾಸಿಯಂ ಇಳಿದಿದ್ದರೆ ಬಡಿತದ ಲಯ ತಪ್ಪುವ ಅಪಾಯ ಇನ್ನೂ ಹೆಚ್ಚು. ತಂದೆಯವರಿಗೆ ಮೊದಲೇ ಹೃದಯದ ತೊಂದರೆ ಇದ್ದರೆ ಹೇಳಿ, ಒಂದು ಇಸಿಜಿ ತೆಗೆಸಿ. ಹೊಸ ಔಷಧ ಶುರುವಾದ ಮೇಲೆ 48 ಗಂಟೆಯಲ್ಲಿ ಜ್ವರ ಇಳಿದು, ರಕ್ತ ಕಡಿಮೆಯಾಗಿ, ಊಟ ಬೇಕೆನಿಸಬೇಕು. ಆಗದಿದ್ದರೆ ಔಷಧ ಬದಲಿಸಬೇಕೇ ಹೊರತು ಅದನ್ನೇ ಉದ್ದ ಎಳೆಯಬಾರದು.

ಕಲ್ಚರ್ ಕೊಡುವುದಾದರೆ ಹೊಸ ಆಂಟಿಬಯೋಟಿಕ್‌ನ ಮೊದಲ ಡೋಸಿಗೂ ಮುಂಚೆ ಕೊಡಿ. ಬಾಯಿ ಅಗಲವಾದ ಶುಚಿ ಡಬ್ಬಿಯಲ್ಲಿ, ರಕ್ತ-ಲೋಳೆ ಇರುವ ಭಾಗವನ್ನೇ, ಮೂತ್ರ ಬೆರೆಯದಂತೆ. ಶಿಗೆಲ್ಲಾ ಹೊರಗೆ ಬೇಗ ಸಾಯುತ್ತದೆ. ನಮ್ಮ ಬೇಸಿಗೆಯಲ್ಲಿ ಸೇಡಂನಿಂದ ಕಲಬುರಗಿಗೆ ಬಸ್ಸಿನಲ್ಲಿ ಡಬ್ಬಿ ಒಯ್ದರೆ ರಿಪೋರ್ಟು ‘ಏನೂ ಬೆಳೆದಿಲ್ಲ’ ಎಂದೇ ಬಂದೀತು. ಆಸ್ಪತ್ರೆಯಲ್ಲೇ ಸ್ಯಾಂಪಲ್ ಕೊಡಿ, ಅಥವಾ ಜೀವಾಣು ಸಾಯದಂತೆ ಕಾಯುವ ಕ್ಯಾರಿ-ಬ್ಲೇರ್ ಮಾಧ್ಯಮದ ಕಡ್ಡಿ ಕೇಳಿ. ಕಲ್ಚರಿಗಿಂತ ತುರ್ತಾದವು ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ರಕ್ತಕಣ ಮತ್ತು ಪ್ಲೇಟ್‌ಲೆಟ್. ಜೊತೆಗೆ ಟೈಫಾಯ್ಡಿಗೆಂದು ಮಾಡುವ ವೈಡಾಲ್ ರಕ್ತ ಪರೀಕ್ಷೆ ಬರೆದುಕೊಟ್ಟರೆ ಆ ದುಡ್ಡು ಉಳಿಸಿ. ನಮ್ಮ ಭಾಗದಲ್ಲಿ ಹಳೆಯ ಸೋಂಕಿನಿಂದಲೇ ವೈಡಾಲ್ ಪಾಸಿಟಿವ್ ಬರುವುದು ಸಾಮಾನ್ಯ. ಅದನ್ನು ಹಿಡಿದು ಟೈಫಾಯ್ಡ್ ಎಂದು ಹದಿನಾಲ್ಕು ದಿನ ಸೂಜಿ ಹಾಕಿಸಿಕೊಂಡವರು ಊರೂರಿಗೂ ಇದ್ದಾರೆ. ಟೈಫಾಯ್ಡ್ ಅನುಮಾನವಿದ್ದರೆ ಬೇಕಾದ್ದು ರಕ್ತದ ಕಲ್ಚರ್.

ಮೆಡಿಕಲ್ ಅಂಗಡಿಯವರ ‘ಬಂದ್ ಮಾಡೋ ಗುಳಿಗಿ’ ಎಂದರೆ ಲೋಪೆರಮೈಡ್. ನಿಮ್ಮ ತಂದೆಗೆ ಅದು ಬೇಡವೇ ಬೇಡ. ಕರುಳಿನ ಚಲನೆ ನಿಲ್ಲಿಸಿದರೆ ಬ್ಯಾಕ್ಟೀರಿಯ ಮತ್ತು ಅದರ ವಿಷ ಒಳಗೇ ನಿಂತು, ದೊಡ್ಡ ಕರುಳು ಉಬ್ಬಿ ಒಡೆಯುವ ಹಂತಕ್ಕೆ ಹೋಗಬಹುದು. ರಕ್ತ ಅಥವಾ ಜ್ವರ ಇದ್ದರೆ ಯಾರಿಗೂ ಇಲ್ಲ, ಸಣ್ಣ ಮಕ್ಕಳಿಗೆ ಎಂದೂ ಇಲ್ಲ. ಈಗಾಗಲೇ ಕೊಟ್ಟಿದ್ದು ಭೇದಿ ನಿಂತು ಹೊಟ್ಟೆ ಉಬ್ಬರಿಸಿ ಬಿಗಿಯಾಗುತ್ತಿದ್ದರೆ ಅದು ಗುಣವಲ್ಲ, ತುರ್ತು.

ಮಗಳ ವಿಷಯ. ರಕ್ತವಿಲ್ಲದೆ ನೀರಾಗಿ ಹೋಗುತ್ತಿದ್ದು, ಆಡಿಕೊಂಡಿದ್ದರೆ ಆಂಟಿಬಯೋಟಿಕ್ ಬೇಡ. ಪ್ರತಿ ಭೇದಿಗೆ 100ರಿಂದ 200 ಮಿಲಿ ಓಆರ್‌ಎಸ್, ಚಮಚದಲ್ಲಿ ಅಥವಾ ಬಟ್ಟಲಿನಿಂದ ಗುಟುಕು ಗುಟುಕಾಗಿ. ಜಿಂಕ್ 20 ಮಿಗ್ರಾಂ ದಿನಕ್ಕೊಂದು ಗುಳಿಗೆ, ಒಂದು ಚಮಚ ನೀರಿನಲ್ಲಿ ಕರಗಿಸಿ, ಹದಿನಾಲ್ಕು ದಿನ. ಭೇದಿ ಮೂರನೇ ದಿನ ನಿಂತರೂ ಹದಿನಾಲ್ಕನ್ನೂ ಮುಗಿಸಬೇಕು, ಕರುಳಿನ ಒಳಪದರ ಸರಿಯಾಗುವುದೂ ಮುಂದಿನ ತಿಂಗಳುಗಳಲ್ಲಿ ಮತ್ತೆ ಭೇದಿ ಹತ್ತುವುದು ಕಡಿಮೆಯಾಗುವುದೂ ಅದರಿಂದ. ಎರಡೂ ಆಶಾ ಕಾರ್ಯಕರ್ತೆಯ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಕಣ್ಣು ಗುಳಿ ಬಿದ್ದು, ನೀರಿಗಾಗಿ ಹಟ ಮಾಡುತ್ತಿದ್ದರೆ ಕೆಜಿಗೆ 75 ಮಿಲಿಯಂತೆ ನಾಲ್ಕು ಗಂಟೆಯಲ್ಲಿ ಕುಡಿಸಬೇಕು. 12 ಕೆಜಿ ಮಗುವಿಗೆ 900 ಮಿಲಿ, ಇದು ಆರೋಗ್ಯ ಕೇಂದ್ರದಲ್ಲಿ ಕೂತು ಮಾಡುವ ಕೆಲಸ. ಕುಡಿಯಲೂ ಆಗದಷ್ಟು ಮಂಕಾಗಿದ್ದರೆ, ಫಿಟ್ಸ್ ಬಂದರೆ, ಮಲದಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆ. ಶಿಗೆಲ್ಲಾದಲ್ಲಿ ಮಕ್ಕಳಿಗೆ ಫಿಟ್ಸ್ ಬರುವುದುಂಟು. ರಕ್ತಭೇದಿ ಆಗಿ ಕೆಲವು ದಿನಕ್ಕೆ ಮಗು ಬಿಳಿಚಿಕೊಂಡು ಮೂತ್ರ ಕಡಿಮೆಯಾದರೆ ತಡ ಮಾಡದೆ ಕ್ರಿಯಾಟಿನಿನ್, ಪ್ಲೇಟ್‌ಲೆಟ್ ನೋಡಿಸಿ.

ಊಟ ನಿಲ್ಲಿಸಬೇಡಿ, ಇಬ್ಬರಿಗೂ. ಮೆತ್ತನೆ ಅನ್ನ-ಮೊಸರು, ಉಪ್ಪು ಹಾಕಿದ ತೆಳು ಜೋಳದ ಅಂಬಲಿ, ಮಜ್ಜಿಗೆ, ತೊಗರಿ ಬೇಳೆ ಕಟ್ಟು, ಬಾಳೆಹಣ್ಣು. ಖಾರದ ಚಟ್ನಿ, ಮಿರ್ಚಿ ಭಜಿ, ಎಣ್ಣೆಯದು ನಾಲ್ಕು ದಿನ ದೂರ. ಒಣ ಚಹಾಪುಡಿ ನುಂಗಿಸುವುದು, ಹೊಟ್ಟೆಗೆ ಬರೆ ಹಾಕುವುದು ಬೇಡ.

ಮನೆಯಲ್ಲಿ ಇನ್ನಾರಿಗೂ ಹತ್ತದಿರಬೇಕಾದರೆ, ಭೇದಿ ಇರುವವರು ನಿಂತ ಮೇಲೂ 48 ಗಂಟೆ ಅಡಿಗೆಗೆ ಕೈ ಹಚ್ಚಬಾರದು. ಸಂಡಾಸದ ನಂತರ, ಮಗುವನ್ನು ತೊಳೆದ ನಂತರ, ರೊಟ್ಟಿ ಬಡಿಯುವ ಮೊದಲು ಸೋಪು. ಬರೀ ನೀರು, ಬೂದಿ ಸಾಲದು. ಕುಡಿಯುವ ನೀರನ್ನು ಗುಳ್ಳೆ ಏಳುವಂತೆ ಕುದಿಸಿ, ಸಣ್ಣ ಬಾಯಿಯ ಕೊಡದಲ್ಲಿ ಇಟ್ಟು ಹಿಡಿಕೆಯ ಚರಿಗೆಯಿಂದ ತೆಗೆಯಿರಿ. ನಳದ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ, ನೀರು ನಿಂತ ಹೊತ್ತು ಪೈಪಿನ ಒತ್ತಡ ಇಳಿದು ಬಿರುಕಿನಿಂದ ಚರಂಡಿ ನೀರು ಒಳಗೆಳೆಯುತ್ತದೆ. ಹಾಗಾಗಿ ಬಂದ ಕೂಡಲೇ ಹಿಡಿಯದೆ ಮೊದಲ ಕೆಲವು ನಿಮಿಷದ ನೀರು ಬಿಟ್ಟುಬಿಡಿ. ಕ್ಲೋರಿನ್ ಗುಳಿಗೆ ಅರ್ಧ ಗ್ರಾಂನದು 20 ಲೀಟರಿಗೆ ಒಂದು, ಹಾಕಿ ಒಂದು ಗಂಟೆ ಬಿಡಬೇಕು. ಮಳೆಗಾಲದ ಕೆಂಪು ನೀರಿದ್ದರೆ ಮೊದಲು ಸೋಸಿ, ಮಣ್ಣು ಕ್ಲೋರಿನ್ ನುಂಗಿಬಿಡುತ್ತದೆ. ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪುಡಿ ನಮ್ಮ ಬಿಸಿಲಿಗೆ ಬಹು ಬೇಗ ಸತ್ವ ಕಳೆದುಕೊಳ್ಳುತ್ತದೆ; ಮೂಗಿಗೆ ಹತ್ತದ ಪುಡಿ ನೀರಿನಲ್ಲೂ ಕೆಲಸ ಮಾಡದು. ಮದುವೆಗೆ ಹೋದ ಬೇರೆ ಮನೆಗಳಲ್ಲೂ ಇದೇ ಕಾಯಿಲೆ ಇದ್ದರೆ ಆಶಾಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಇವತ್ತೇ ಹೇಳಿ. ನೀರಿನ ಸ್ಯಾಂಪಲ್ ತೆಗೆಯುವುದು, ಟ್ಯಾಂಕಿಗೆ ಕ್ಲೋರಿನ್ ಹಾಕಿಸುವುದು ಆಮೇಲಿನ ಕೆಲಸ, ಅದಕ್ಕೆ ಮೊದಲು ಯಾರಾದರೂ ತಿಳಿಸಲೇಬೇಕು.

ನಿಲ್ಲಿಸಿದ ಗುಳಿಗೆಗಳನ್ನು ಯಾವಾಗ ಮತ್ತೆ ಶುರು ಮಾಡುವುದು? ಭೇದಿ-ವಾಂತಿ ನಿಂತು, ಎಂದಿನಂತೆ ಊಟ ಮಾಡುತ್ತಾ 24ರಿಂದ 48 ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಕ್ರಿಯಾಟಿನಿನ್ ಏರಿತ್ತೆಂದು ಗೊತ್ತಾಗಿದ್ದರೆ, ಅದು ಹಿಂದಿನ ಮಟ್ಟಕ್ಕೆ ಇಳಿದದ್ದನ್ನು ಮತ್ತೊಂದು ಪರೀಕ್ಷೆಯಲ್ಲಿ ನೋಡಿದ ನಂತರ, ವೈದ್ಯರ ಮಾತಿನಂತೆ ಒಂದೊಂದಾಗಿ. ಬಿಪಿ ಈ ನಡುವೆ ದಿನಾ ಅಳೆಯಿರಿ. ನಾಲ್ಕು ದಿನ ಗುಳಿಗೆ ಬಿಟ್ಟರೆ 150 ತೋರಿಸಬಹುದು, ಅದಕ್ಕೆ ಗಾಬರಿಯಾಗಿ ಭೇದಿ ಇರುವಾಗಲೇ ಟೆಲ್ಮಿಸಾರ್ಟನ್ ನುಂಗಿಸಬೇಡಿ. ಗುಣವಾದ ಒಂದೆರಡು ವಾರಕ್ಕೆ ಮಂಡಿ, ಹಿಮ್ಮಡಿ ಊದಿಕೊಂಡರೆ, ಕಾಲು ಜುಮ್ಮೆಂದು ಬಲಹೀನವಾಗುತ್ತಾ ಬಂದರೆ ಈ ಭೇದಿಯ ಕಥೆಯನ್ನೂ ವೈದ್ಯರಿಗೆ ಹೇಳಿ, ಕರುಳಿನ ಸೋಂಕಿನ ನಂತರ ಅಪರೂಪಕ್ಕೆ ಹಾಗಾಗುತ್ತದೆ. ಹದಿನಾಲ್ಕು ದಿನ ದಾಟಿಯೂ ಭೇದಿ ಉಳಿದರೆ, ಅಥವಾ ರಕ್ತ ಮತ್ತೆ ಮತ್ತೆ ಬಂದರೆ, ಇನ್ನೊಂದು ಆಂಟಿಬಯೋಟಿಕ್ ಕೇಳಬೇಡಿ. ಆ ವಯಸ್ಸಿಗೆ ಬೇಕಾದ್ದು ಕೊಲೊನೋಸ್ಕೋಪಿ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ.